ಬಾಡಬೇಕಾದ ಕೊಂಬೆ

ಚೆಲುವಮ್ಮ ಸುಳ್ಳು ಹೇಳಬೇಕೆಂದು ಎದ್ದವಳಲ್ಲ. ಮತ್ತೆ ಮಲಗುವುದು ಯಾವಾಗ ಎಂದು ಯೋಚಿಸುತ್ತ ಎದ್ದವಳು. ಸುಳ್ಳು ಬಾಗಿಲಲ್ಲಿ ನಿಂತಿತ್ತು, ಎದುರಿಗೆ ಸಿಕ್ಕಿತು, ಅಷ್ಟೆ.

ಮಾಂಬಳ್ಳಿಯಲ್ಲಿ ಆ ವರ್ಷ ಕರೆಂಟಿನ ಕಂಬ ನೆಟ್ಟಿದ್ದರು, ತಂತಿ ಇನ್ನೂ ಬಂದಿರಲಿಲ್ಲ. ಚೆಲುವಮ್ಮನ ಗಂಡ ಮಹದೇವಯ್ಯನ ಮನೆಯ ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದಿತ್ತು. ಹುಳುವಿಗೆ ಜ್ವರವೆಂದರೆ ಕಾಯಿಲೆಯಲ್ಲ. ತಿನ್ನುವುದನ್ನು ಬಿಟ್ಟು ಮಲಗಿ, ಪೊರೆ ಕಳಚಿ ಏಳುತ್ತದೆ. ನಾಲ್ಕನೆಯ ಸಲ ಎದ್ದ ಮೇಲೆ ಅದಕ್ಕೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಕರೆಯದೆ ಬಂದ ನೆಂಟರ ಹಾಗೆ, ಹಾಕಿದ್ದನ್ನೆಲ್ಲ ಮುಗಿಸಿ, ತಲೆಯೆತ್ತಿ, ಇನ್ನೆಲ್ಲಿ ಎಂದು ನೋಡುತ್ತದೆ. ಆ ನೋಟಕ್ಕೆ ಹಿಪ್ಪುನೇರಳೆ ಸೊಪ್ಪು ಹಾಕುವವಳು ಮನೆಯ ಸೊಸೆ.

ಅಂದು ಬೆಳಗಿನ ಜಾವ ಚೆಲುವಮ್ಮ ಸೊಪ್ಪಿನ ಮಂಕರಿ ಹೊತ್ತು ಹುಳುಮನೆಯ ಬಾಗಿಲವರೆಗೆ ಬಂದಳು. ಹೊಸ್ತಿಲ ಮೇಲೆ ಮಂಕರಿ ಇಳಿಸಿ, ಬಾಗಿಲ ಕಂಬಕ್ಕೆ ತಲೆ ಕೊಟ್ಟಳು. ತಲೆ ಕೊಟ್ಟದ್ದಷ್ಟೇ ಅವಳಿಗೆ ಗೊತ್ತು. ಆಮೇಲೆ ಗೊತ್ತಾದದ್ದು ಅತ್ತೆ ಚಿಕ್ಕಮಾದಮ್ಮನ ಗಂಟಲು.

"ಏನಮ್ಮಿ ಇದು! ಕುದುರೆ ಇದ್ದಂಗೆ ನಿಂತ್ಕಂಡೇ ನಿದ್ದೆ ಮಾಡೀಯ! ಮೈಗೇನಾಗದೆ ನಿಂಗೆ?"

ಮೈಗೆ ಏನಾಗಿದೆ ಎಂದು ಕೇಳಿದವರು ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಇರಲಿಲ್ಲ. ಕೇಳಿದ ಮೇಲೆ ಏನಾದರೂ ಹೇಳಬೇಕಲ್ಲ. ಚೆಲುವಮ್ಮನ ಬಾಯಿ ಅವಳನ್ನು ಕೇಳದೆ ಹೇಳಿಬಿಟ್ಟಿತು.

"ಆಚ್ಗಾಗಿವ್ನಿ ಅತ್ತೆ."

ಅತ್ತೆ ಕೆಂಡ ತುಳಿದವರ ಹಾಗೆ ಹಿಂದಕ್ಕೆ ಹಾರಿದರು. "ಒಳೀಕ್ ಬಂದ್ಯಾ? ಹುಳು ತಟ್ಟೆ ಮುಟ್ಟಿದ್ಯಾ?"

"ಇಲ್ಲ. ಬಾಗ್ಲಲ್ಲೇ ಗೊತ್ತಾಯ್ತು."

"ಓಗು, ಓಗು! ಸೊಪ್ಪು ಅಲ್ಲೇ ಬುಟ್ಟು ಓಗು!"

ಚೆಲುವಮ್ಮ ಹೋದಳು. ಹಿತ್ತಲ ಮೂಲೆಯಲ್ಲಿ ತೆಂಗಿನ ಗರಿಯ ಒಂದು ಸಣ್ಣ ಗುಡ್ಲು ಇತ್ತು. ಮುಟ್ಟಾದ ಹೆಂಗಸು ಮೂರು ದಿನ ಕೂರುವ ಜಾಗ. ಹರಿದ ಚಾಪೆ, ಬೇರೆ ತಟ್ಟೆ, ಬಟ್ಟೆ ಬೇಯಿಸಲು ಮೂರು ಕಲ್ಲಿನ ಒಲೆ, ಅದರ ಮೇಲೊಂದು ಕರಿಹಿಡಿದ ಮಡಕೆ. ಆ ಮೂರು ದಿನ ಅವಳು ಹುಳು ಮುಟ್ಟುವಂತಿಲ್ಲ, ಸೊಪ್ಪು ಮುಟ್ಟುವಂತಿಲ್ಲ, ಬೀಸುವಂತಿಲ್ಲ, ಬೇಯಿಸುವಂತಿಲ್ಲ. ಬೇರೆ ಯಾರೋ ಮಾಡಿದ ಮುದ್ದೆಯನ್ನು ಬೇರೆ ಯಾರೋ ತಂದು ದೂರದಿಂದ ತಟ್ಟೆಗೆ ಹಾಕುತ್ತಾರೆ. ಮದುವೆಯಾದ ಹೊಸತರಲ್ಲಿ ಚೆಲುವಮ್ಮ ಅಲ್ಲಿ ಕೂತು ಅತ್ತಿದ್ದಳು. ಈಗ ಗಂಡನ ಮನೆಯಲ್ಲಿ ತನ್ನದು ಎನ್ನಬಹುದಾದದ್ದು ಆ ಗುಡ್ಲು ಒಂದೇ ಎಂದು ಅವಳಿಗೆ ಅನಿಸುತ್ತಿತ್ತು.

ಇನ್ನೂ ಒಂದಿತ್ತು. ಗುಡ್ಲಿನ ಪಕ್ಕದ ದಾಸವಾಳ.

ಕೌದಳ್ಳಿಯ ತೌರಿನಿಂದ ಬರುವಾಗ ಅವಳವ್ವ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟ ಗೇಣುದ್ದದ ಕಡ್ಡಿ ಅದು. "ಓರೆಯಾಗಿ ಕುಯ್ದಿರೋ ಕಡೆ ಮಣ್ಣಿಗೆ. ಮೇಲ್ಗಡೆ ಸಗಣಿ ಮೆತ್ತು. ಬಚ್ಚಲ ನೀರು ಬೀಳ್ತಿದ್ರೆ ಸಾಕು, ಇನ್ನೇನೂ ಕೇಳಾಕಿಲ್ಲ," ಎಂದಿದ್ದಳು. ಗಿಡದ ಬಗ್ಗೆ ಹೇಳಿದಳೋ ಸೊಸೆಯಾಗಿ ಹೋಗುವವಳ ಬಗ್ಗೆ ಹೇಳಿದಳೋ! ಗಂಡನ ಮನೆಯಲ್ಲಿ ಅತ್ತೆ ಆ ಗಂಟು ಬಿಚ್ಚಿ, "ತೌರಿಂದ ಎಲ್ರೂ ಕೊಳದಪ್ಲೆ ಪಾತ್ರೆ ತತ್ತಾರೆ, ನಮ್ಮವ್ಳು ಸೌದೆ ತಂದವ್ಳೆ" ಎಂದಿದ್ದರು. ಆ ಸೌದೆ ಬಚ್ಚಲ ನೀರು ಕುಡಿದು ಸೂರಿಗಿಂತ ಎತ್ತರ ಬೆಳೆಯಿತು. ಬಿಳಿ ಹಿಟ್ಟಿನಂಥ ಹುಳ ಹತ್ತಿದಾಗಲೆಲ್ಲ ಚೆಲುವಮ್ಮ ಒಲೆಯ ಬೂದಿ ಎರಚಿ ಉಳಿಸಿದಳು. ಈಗ ಅದರ ಕೆಂಪು ಹೂವು ಅತ್ತೆಯ ದೇವರಿಗೆ. ಎಲೆ ಬೀದಿಯ ಹೆಂಗಸರ ತಲೆಗೆ. ಅರೆದು ಲೋಳೆ ಮಾಡಿ ಹಚ್ಚಿದರೆ ಸೀಗೆಕಾಯಿ ಉಳಿಯಿತು. ಮೊಗ್ಗು ಮೈ ಉಷ್ಣದವರ ಮಜ್ಜಿಗೆಗೆ. ಬಿದ್ದ ಹೂವನ್ನೂ ಬಿಡದೆ ಸ್ಕೂಲಿನ ಚೆನ್ನಯ್ಯ ಮೇಷ್ಟ್ರು ಆರಿಸಿಕೊಂಡು ಹೋಗಿ ಶೂಸಿಗೆ ಉಜ್ಜುತ್ತಿದ್ದರು. ಉಜ್ಜಿದರೆ ಪಾಲಿಶ್ ಹಾಕಿದ ಹಾಗೆ ಕಪ್ಪಗೆ ಮಿರುಗುತ್ತಿತ್ತು. ದೇವರ ತಲೆಯಿಂದ ಮೇಷ್ಟ್ರ ಕಾಲಿನವರೆಗೆ ಎಲ್ಲರಿಗೂ ಆದ ಗಿಡ. ನೆಟ್ಟವಳ ಮುಡಿಗೆ ಮಾತ್ರ ಒಂದು ದಿನವೂ ಆಗಿರಲಿಲ್ಲ.

ಚಾಪೆಯ ಮೇಲೆ ಉರುಳಿದ ಚೆಲುವಮ್ಮನಿಗೆ ಕಣ್ಣು ಮುಚ್ಚುವಷ್ಟರಲ್ಲಿ ಅತ್ತೆಯ ಧ್ವನಿ ಕೇಳಿತು. ಬೇಲಿಯಾಚೆಯ ದೊಡ್ಡಬಸಮ್ಮನೊಂದಿಗೆ ಮಾತು.

"ನಂಗ್ಯಾಕೋ ಅನ್ಮಾನ ಕಣಕ್ಕ. ಓದ್ ಸಲ ಇವ್ಳು ಕೂತಾಗ ಚಂದ್ರ ತುಂಬಿದ್ದ. ಈಗ ನೋಡು, ಇನ್ನೂ ಮುರುಕಲು ರೊಟ್ಟಿ ಆಗವ್ನೆ. ಹುಣ್ಮೆಗೆ ಇನ್ನೂ ದಿನ ಅದೆ. ಹುಳು ಜ್ವರ ಎದ್ದು ನಾಕ್ ದಿನ ಆಗದೆ, ಬಾಯಿ ಬುಟ್ಕಂಡ್ ತಿನ್ನೋವಾಗ್ಲೇ ಇವ್ಳಿಗೂ ಆಗ್ಬೇಕಾ?"

"ನಮ್ಮೋರಲ್ಲಿ ಇದೆಲ್ಲ ಇಲ್ಲ ಕಣ್ ಮಾದಮ್ಮ," ಎಂದರು ದೊಡ್ಡಬಸಮ್ಮ, ಕೊರಳಿನ ಲಿಂಗದ ಕರಡಿಗೆ ಮುಟ್ಟಿಕೊಂಡು. "ಲಿಂಗ ಕಟ್ಟಿದ ಮ್ಯಾಲೆ ಮೈಲಿಗೆ ಎಲ್ಲಿಂದ ಬಂತು?"

ಅದು ನಿಜ. ಮೈಲಿಗೆಯಿಲ್ಲದ ದೊಡ್ಡಬಸಮ್ಮ ಮದುವೆಯಾದಂದಿನಿಂದ ತಿಂಗಳ ಎಲ್ಲ ದಿನವೂ ಬೀಸಿದವರು, ನೀರು ಹೊತ್ತವರು. ಅವರ ಬೆನ್ನು ಕುಡುಗೋಲಿನ ಹಾಗೆ ಬಾಗಿತ್ತು. ಅವರನ್ನು ಕಂಡಾಗಲೆಲ್ಲ ಚೆಲುವಮ್ಮನಿಗೆ ಅಯ್ಯೋ ಅನಿಸುತ್ತಿತ್ತು.

"ಆದ್ರೂ ಒಂದು ಕೇಳಿವ್ನಿ," ದೊಡ್ಡಬಸಮ್ಮ ಬೇಲಿಗೆ ಹತ್ತಿರ ಬಂದರು. ಬೇರೆಯವರ ಮನೆಯ ಮೈಲಿಗೆಯ ವಿಷಯದಲ್ಲಿ ಅವರಿಗೆ ಆಸಕ್ತಿ ಇಲ್ಲದೆ ಇರಲಿಲ್ಲ. "ಆಚ್ಗಾದವ್ರು ಮುಟ್ಟುದ್ರೆ ಹೂವಿನ ಗಿಡ ಬಾಡ್ತದಂತಲ್ಲ? ಮುಟ್ಸಿ ನೋಡು ಮತ್ತೆ."

"ಅಯ್ಯೋ, ದೇವರ ಹೂವಿನ ಗಿಡ!"

"ಪೂರ್ತಿ ಯಾಕ್ ಮುಟ್ಸೀಯೆ? ಬಚ್ಚಲ ಕಡೀಕ್ ಬಗ್ಗಿರೋ ಒಂದು ಕೊಂಬೆ ಮುಟ್ಸು. ಓದ್ರೆ ಒಂದು ಕೊಂಬೆ ಓಯ್ತದೆ. ಸಂಜೆಗಂಟ ನೋಡಾಣ. ಬಾಡುದ್ರೆ ದಿಟ. ಬಾಡ್ದೇ ಇದ್ರೆ..."

ಬಾಡದೆ ಇದ್ದರೆ ಏನೆಂದು ಚಿಕ್ಕಮಾದಮ್ಮ ಗುಡ್ಲಿನ ಮುಂದೆ ಬಂದು ನಿಂತು ಹೇಳಿದರು. "ಬಾಡ್ನಿಲ್ಲ ಅಂದ್ರೆ ಇವತ್ತಿಂದ ಹುಳು ಗೂಡು ಕಟ್ಟೋಗಂಟ ನೀನೊಬ್ಳೇ ಸೊಪ್ಪು ಆಕ್ಬೇಕು. ಅದಲ್ದೆ, ಇನ್ನು ಯಾವ್ ತಿಂಗ್ಳೂ ನಿನ್ ಮಾತ ನಂಬಾಕಿಲ್ಲ. ಗಿಡ ಏಳ್ದಂಗೆ ಕೇಳ್ತೀನಿ. ಏಳು, ಮುಟ್ಟು."

ಚೆಲುವಮ್ಮ ಹೆದರಿದ್ದು ಮೊದಲನೆಯದಕ್ಕಲ್ಲ, ಎರಡನೆಯದಕ್ಕೆ. ಸೊಪ್ಪು ಹಾಕುವುದು ಹೊಸತೇನಲ್ಲ. ಆದರೆ ಇನ್ನು ಮೇಲೆ ಯಾವ ತಿಂಗಳ ಮೂರು ದಿನವೂ ತನ್ನದಾಗಿ ಉಳಿಯುವುದಿಲ್ಲ ಎಂದರೆ? ಅವಳು ಎದ್ದು, ಅತ್ತೆ ತೋರಿಸಿದ ಕೊಂಬೆಯನ್ನು ಹಿಡಿದಳು. ಅವಳೇ ಬೂದಿ ಎರಚಿ ಉಳಿಸಿದ ಕೊಂಬೆ. ತುದಿಯಲ್ಲಿ ಒಂದು ಹೂವು ಆಗ ತಾನೆ ಬಿರಿದಿತ್ತು.

ಅತ್ತೆ ದೂರದಿಂದಲೇ ಒಂದು ಕೋಲಿನ ತುದಿಯಿಂದ ಆ ಕೊಂಬೆಗೆ ಹಳೆಯ ಬಟ್ಟೆಯ ಚೂರು ಸಿಕ್ಕಿಸಿದರು. ಅಲ್ಲಿಗೆ ಅದು ಮೈಲಿಗೆಯ ಕೊಂಬೆ. ಉಳಿದದ್ದು ದೇವರ ಗಿಡ.

ಬೆಳಗಾಯಿತು. ಮಹದೇವಯ್ಯ ಸೊಪ್ಪು ಕುಯ್ಯಲು ಹೋದ. ಹೋಗುವ ಮೊದಲು ಹಿತ್ತಲಿಗೆ ಬಂದು, ಹೆಂಡತಿಯನ್ನು ನೋಡದೆ ಕೊಂಬೆಯನ್ನು ನೋಡಿ, "ಏನಂತೆ?" ಎಂದ. ಕೊಂಬೆ ಏನೂ ಹೇಳಲಿಲ್ಲ. ಅವನು ಹೋದ.

ಆಮೇಲೆ ಶುರುವಾಯಿತು ಜಾತ್ರೆ. ದೊಡ್ಡಬಸಮ್ಮನ ಬಾಯಿಗೆ ಬಿದ್ದ ಸುದ್ದಿ ಬೀದಿಯ ಆ ತುದಿಗೆ ಮುಟ್ಟಲು ಒಂದು ಕೊಡ ನೀರು ಸೇದುವಷ್ಟು ಹೊತ್ತೂ ಬೇಕಾಗಲಿಲ್ಲ. ನೀರಿಗೆ ಹೋಗುವವಳು, ನೀರಿನಿಂದ ಬರುವವಳು, ಎಮ್ಮೆ ಹೊಡೆದುಕೊಂಡು ಹೋಗುವವಳು, ಎಲ್ಲರೂ ಬೇಲಿಯ ಮೇಲೆ ಕತ್ತು ಚಾಚಿ ಕೊಂಬೆಯ ಯೋಗಕ್ಷೇಮ ವಿಚಾರಿಸಿದರು.

"ತುದಿ ಎಲೆ ಸ್ವಲ್ಪ ಮೆತ್ತಗಾದಂಗದೆ."

"ಎಲ್ಲಿ? ನಿಂಗೆ ಕಣ್ಣು ಕಾಣಾಕಿಲ್ಲ. ಕೊಬ್ಬಿದ ಕರು ಇದ್ದಂಗದೆ."

"ಪಾಪ, ಹೂವು ನಗ್ತಾ ಅದೆ ಕಣಮ್ಮಿ."

ಗುಡ್ಲಿನೊಳಗೆ ಚೆಲುವಮ್ಮನಿಗೆ ನಿದ್ದೆ ಬರಬೇಕಲ್ಲ! ಯಾವ ನಿದ್ದೆಗಾಗಿ ಇಷ್ಟೆಲ್ಲ ಮಾಡಿದ್ದಳೋ ಅದು ಈಗ ಹತ್ತಿರವೂ ಸುಳಿಯಲಿಲ್ಲ. ಗರಿಯ ಸಂದಿಯಲ್ಲಿ ಕಣ್ಣಿಟ್ಟು ಕೂತಳು. ಬಾಡು, ಬಾಡು ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ದಾಸವಾಳ ಎಂಥ ಗಿಡವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಕಡಿದು ತಿಪ್ಪೆಗೆ ಎಸೆದರೆ ತಿಪ್ಪೆಯಲ್ಲೇ ಚಿಗುರುವ ಜಾತಿ. ದನ ಬಾಯಿ ಹಾಕಿದರೆ ಎರಡು ಕಡೆ ಕವಲೊಡೆಯುವ ಜಾತಿ. ತೊಗಟೆ ಸುಲಿದರೂ ನಾಲ್ಕು ದಿನ ಹಸಿರಾಗಿಯೇ ನಿಲ್ಲುತ್ತದೆ. ಅಂಥದ್ದು ಒಂದು ಹೆಂಗಸಿನ ಕೈ ತಾಗಿದ್ದಕ್ಕೆ ಸಂಜೆಯೊಳಗೆ ಬಾಡಬೇಕು.

ಚಿಕ್ಕಮಾದಮ್ಮನ ಪಾಡು ಇದಕ್ಕಿಂತ ಸುಖವಾಗಿರಲಿಲ್ಲ. ಬಾಡಿದರೆ ಸೊಸೆಯ ಕೆಲಸವೆಲ್ಲ ತಮ್ಮ ತಲೆಗೆ. ಬಾಡದಿದ್ದರೆ ಅವರ ಅತ್ತೆ, ಅವರತ್ತೆಯ ಅತ್ತೆ ಹೇಳಿದ್ದೆಲ್ಲ ಸುಳ್ಳು. ಸೊಪ್ಪು ಹಾಕುತ್ತ, ಮುದ್ದೆ ತಿರುವುತ್ತ, ನಡುವೆ ಬಂದು ಬಂದು ಕೊಂಬೆ ನೋಡುತ್ತ, ಯಾವುದಕ್ಕೆ ಹರಕೆ ಹೊರಬೇಕೆಂದು ತಿಳಿಯದೆ ಒದ್ದಾಡಿದರು.

ಮಧ್ಯಾಹ್ನ ಬೀದಿ ಊಟಕ್ಕೆ ಒಳಗೆ ಹೋಯಿತು. ಚೆಲುವಮ್ಮನ ಒಲೆಯ ಮೇಲೆ ಮಡಕೆ ಕುದಿಯುತ್ತಿತ್ತು. ಸುಳ್ಳು ನಿಜದ ಹಾಗೆ ಕಾಣಲೆಂದು ಅವಳು ಒಂದು ಹಳೆಯ ಸೀರೆಯ ತುಂಡನ್ನು ಕೊಳೆ ಬಿಡಿಸುವ ಚೌಳು ಮಣ್ಣು ಹಾಕಿ ಬೇಯಿಸಲು ಇಟ್ಟಿದ್ದಳು. ಕೊತಕೊತ ಕುದಿಯುವ ಆ ನೀರನ್ನು ನೋಡಿದಳು. ಕೊಂಬೆಯನ್ನು ನೋಡಿದಳು. ಮತ್ತೆ ನೀರನ್ನು ನೋಡಿದಳು.

ಬಟ್ಟೆಯ ಚಿಂದಿಯಿಂದ ಮಡಕೆಯ ಕಂಠ ಹಿಡಿದು ಗಿಡದ ಬುಡಕ್ಕೆ ತಂದಳು. ಕೊಂಬೆಯನ್ನು ಮೆಲ್ಲಗೆ ಬಗ್ಗಿಸಿದಳು. ಮಗುವಿನ ತಲೆಯನ್ನು ನೀರಿಗೆ ಬಗ್ಗಿಸುವಾಗ ಹೇಗೋ ಹಾಗೆ. "ನನ್ನವ್ವ, ಸ್ವಲ್ಪ ತಡ್ಕೊ," ಎಂದಳು. ಅವ್ವ ಎಂದದ್ದು ಗಿಡಕ್ಕೋ ಕೌದಳ್ಳಿಯಲ್ಲಿದ್ದವಳಿಗೋ ಅವಳಿಗೇ ತಿಳಿಯಲಿಲ್ಲ. ಎಲೆ, ಮೊಗ್ಗು, ಅರಳಿದ ಹೂವು ಎಲ್ಲವನ್ನೂ ಮಡಕೆಯೊಳಗೆ ಅದ್ದಿದಳು.

ಅದೇ ಹೊತ್ತಿಗೆ ಬೇಲಿಯ ತಟ್ಟಿಬಾಗಿಲು ಕಿರ್ರೆಂದಿತು. ಚೆನ್ನಯ್ಯ ಮೇಷ್ಟ್ರು! ಮಧ್ಯಾಹ್ನದ ಬಿಡುವಿನಲ್ಲಿ ಉದುರಿದ ಹೂವಿಗೆ ಬಂದಿದ್ದರು, ಕೈಯಲ್ಲಿ ಒಂದು ಶೂಸು. ಗುಡ್ಲಿನ ಒಲೆಯ ಹೊಗೆ ಕಂಡಿತು, ಸೀರೆಯ ಸೆರಗು ಕಂಡಿತು. ಮೇಷ್ಟ್ರು ಹಾವು ಕಂಡವರ ಹಾಗೆ ಗಕ್ಕನೆ ನಿಂತು ಬೆನ್ನು ತಿರುಗಿಸಿದರು.

"ಕೂತಿದ್ದೀರೇನಮ್ಮ? ಗೊತ್ತಿರಲಿಲ್ಲ. ನಾನೇನೂ ನೋಡಿಲ್ಲ, ನಾನೇನೂ ನೋಡಿಲ್ಲ!"

"ಊಂ ಮೇಷ್ಟ್ರೇ, ಓಗ್ಬುಡಿ," ಎಂದಳು ಚೆಲುವಮ್ಮ, ಕೊಂಬೆಯನ್ನು ಇನ್ನಷ್ಟು ಒತ್ತುತ್ತ.

ಮೇಷ್ಟ್ರು ಹಿಂದಿರುಗಿ ನೋಡದೆ, ಒಂದು ಕಾಲಿಗೆ ಶೂಸು, ಒಂದು ಕಾಲು ಬರಿದು, ಬೇಲಿಯಾಚೆ ಓಡಿದರು. ಯಾವ ಮೈಲಿಗೆ ಅವಳನ್ನು ಮೂಲೆಗೆ ಕೂರಿಸಿತ್ತೋ ಅದೇ ಅವಳನ್ನು ಅವತ್ತು ಕಾಪಾಡಿತು.

ಕೊಂಬೆಯನ್ನು ಬಿಟ್ಟಾಗ ಅದು ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿತ್ತು. ಅಷ್ಟೇ ಆಗಿದ್ದರೆ ಸಾಕಾಗಿತ್ತು. ಆದರೆ ಚೌಳು ನೀರು ತನ್ನ ಕೆಲಸವನ್ನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೆಂಪು ಹೂವು ನೀಲಿಗೆ ತಿರುಗಿತ್ತು. ಒದೆ ತಿಂದ ಮೈಯ ಬಾಸುಂಡೆಯ ಬಣ್ಣ. ಚೆಲುವಮ್ಮನಿಗೇ ಅದನ್ನು ಕಂಡು ಭಯವಾಯಿತು. ಮಡಕೆ ಒಲೆಗಿಟ್ಟು, ಗುಡ್ಲು ಹೊಕ್ಕು, ಗೋಡೆಗೆ ಮುಖ ಮಾಡಿ ಮಲಗಿದಳು.

ಊಟ ಮುಗಿಸಿ ಮೊದಲು ಬಂದವರು ದೊಡ್ಡಬಸಮ್ಮ. ಅವರ ಬಾಯಿಯಲ್ಲಿದ್ದ ಎಲೆಯಡಿಕೆ ಹೊರಗೆ ಬಂತು.

"ಶಿವಶಿವಾ! ಮಾದಮ್ಮ, ಬಾರೇ ಇಲ್ಲಿ! ಕೆಂಪು ಊವು ನೀಲಿ ಆಗದೆ!"

ಬೀದಿಗೆ ಬೀದಿಯೇ ಬಂತು. ಈ ಸಲ ಬೇಲಿಗೆ ಯಾರೂ ಹತ್ತಿರ ಬರಲಿಲ್ಲ. ಹತ್ತು ಮಾರು ದೂರದಲ್ಲಿ ನಿಂತರು. ಬಾಡುವುದನ್ನು ಕೇಳಿದವರಿದ್ದರು, ನೀಲಿಯಾಗುವುದನ್ನು ಕೇಳಿದವರಿರಲಿಲ್ಲ. ಚಿಕ್ಕಮಾದಮ್ಮನ ಮುಖದಲ್ಲಿ ಸೋತ ಸಂಕಟವೂ ಗೆದ್ದ ಹೆಮ್ಮೆಯೂ ಒಟ್ಟಿಗೆ ಬಂದವು. ಕೊನೆಗೆ ಹೆಮ್ಮೆ ಗೆದ್ದಿತು. "ನಮ್ಮನೆ ಹೆಂಗುಸ್ರ ಮೈಲಿಗೆ ಅಂದ್ರೆ ಏನಂದ್ಕಂಡ್ರಿ!" ಎಂದರು.

ಚೆಲುವಮ್ಮ ಒಳಗೆ ಮಲಗಿಯೇ ಇದನ್ನು ಕೇಳಿದಳು. ಇನ್ನು ಯಾರೂ ಕರೆಯುವುದಿಲ್ಲ. ಗಿಡ ಸಾಕ್ಷಿ ಹೇಳಿದೆ. ಕಣ್ಣು ತಾನಾಗಿ ಮುಚ್ಚಿತು. ಒಂದು ಗಳಿಗೆ, ಇಡೀ ಲೋಕದಲ್ಲಿ ಅವಳಷ್ಟು ಸುಖಿ ಯಾರೂ ಇರಲಿಲ್ಲ.

ಆ ಗಳಿಗೆಯಲ್ಲೇ ನಾಗಯ್ಯ ಬಂದ.

ನಾಗಯ್ಯ ಮಹದೇವಯ್ಯನ ಚಿಕ್ಕಪ್ಪ. ಊರಾಚೆ ಅವನದೊಂದು ಹೊಲವಿತ್ತು. ಅದರಲ್ಲಿ ರಾಗಿ ಬಿತ್ತಿದರೆ ಕೊನ್ನಾರಿ ಬರುತ್ತಿತ್ತು, ಹುರುಳಿ ಬಿತ್ತಿದರೂ ಕೊನ್ನಾರಿಯೇ. ಮೇಲೆ ಹುಲ್ಲು, ನೆಲದೊಳಗೆ ಗೆಡ್ಡೆ. ಉತ್ತರೆ ಒಂದಕ್ಕೆ ಹತ್ತಾಗುವ ಕಳೆ. ಅವನು ಆ ಕೊಂಬೆಯ ಸುತ್ತ ಒಂದು ಸುತ್ತು ಬಂದು, ನೀಲಿ ಹೂವನ್ನು ಬಗ್ಗಿ ನೋಡಿ, ಮೀಸೆ ತೀಡಿದ.

"ಅತ್ಗೆ, ಒಂದ್ ಮಾತು. ಸಾಯ್ದೇ ಇರೋ ದಾಸವಾಳವೇ ಇಂಗಾಗದೆ ಅಂದ್ರೆ, ನಮ್ಮ ಕೊನ್ನಾರಿ ಯಾವ್ ಲೆಕ್ಕ?"

ಅರ್ಥವಾಗದ ಚಿಕ್ಕಮಾದಮ್ಮನಿಗೆ ನಾಗಯ್ಯನೇ ಬಿಡಿಸಿ ಹೇಳಿದ.

"ಎಂಗಿದ್ರೂ ಮೂರು ದಿನ ಸುಮ್ಕೆ ಕೂತಿರ್ತಾಳೆ. ಒಲ ಮೈಲಿಗೆ ಆದ್ರೆ ಆಗ್ಲಿ, ಮಳೆ ಬಿದ್ರೆ ತೊಳದೋಯ್ತದೆ. ಬೆಳಿಗ್ಗೆ ಕಳ್ಸಿ. ನಮ್ ತೋಟದ್ ಹಿಪ್ಪುನೇರಳೆ ಸೊಪ್ಪು ನಿಮ್ ಹುಳುಗೆ ಎರಡು ದಿನ ಬುಟ್ಕೊಡ್ತೀನಿ."

ಸೊಪ್ಪು ಎಂದೊಡನೆ ಅತ್ತೆಯ ಮುಖ ಅರಳಿತು. "ಅದೂ ದಿಟವೇ. ಮಲಗಿ ಮಲಗಿ ಮೈ ಜಡ ಆಯ್ತದೆ, ಪಾಪ. ಲೇ ಚೆಲುವಿ, ಕೇಳುಸ್ತಾ?"

ಕೇಳಿಸಿತು.

ಮಾರನೆಯ ದಿನ ಹೊತ್ತು ಹುಟ್ಟುವಾಗ ಚೆಲುವಮ್ಮ ನಾಗಯ್ಯನ ಹೊಲದಲ್ಲಿದ್ದಳು. ಮೊದಲು ಅವಳು ಸಾಲಿನುದ್ದಕ್ಕೂ ನಡೆದು ಕಳೆಯನ್ನು ಕೈಯಿಂದ ಸವರಿದಳು. ನಾಗಯ್ಯ ದೂರದ ಬದುವಿನ ಮೇಲೆ ಬೀಡಿ ಹಚ್ಚಿ ಕಾದ. ಬಿಸಿಲು ಏರಿತು. ಕೊನ್ನಾರಿ ಗಾಳಿಗೆ ತಲೆಯಾಡಿಸುತ್ತ ನಿಂತಿತ್ತು.

"ಇದ್ರ ಉಸ್ರು ನೆಲದೊಳಗೆ ಅದೆ ಕಣವ್ವ," ಎಂದ ನಾಗಯ್ಯ. "ಮ್ಯಾಲೆ ಸವರುದ್ರೆ ಬುಡಕ್ಕೆ ಇಳಿಯಾಕಿಲ್ಲ. ಗೆಡ್ಡೆ ಮುಟ್ಬೇಕು. ಕಿತ್ತು ಮುಟ್ಟು."

ಕಿತ್ತು ಮುಟ್ಟಿದಳು. ಅಗೆದು, ಕಿತ್ತು, ಮುಟ್ಟಿ, ಗುಡ್ಡೆ ಹಾಕಿದಳು. ಆ ದಿನ, ಮತ್ತೊಂದು ದಿನ. ಕಿತ್ತ ಕಳೆಯೆಲ್ಲ ಬಿಸಿಲಿಗೆ ಬಾಡಿ ಒಣಗಿತು. ಊರಿನವರು ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟರು. ಹುಳುಮನೆಯಲ್ಲಿ ಕೊನೆಗೆ ನೆರಳಾದರೂ ಇತ್ತು.

ಸ್ನಾನದ ದಿನ ಬೆಳಿಗ್ಗೆ ಅತ್ತೆ ದಾಸವಾಳದ ಎಲೆಯನ್ನು ಅರೆದು, ಬಚ್ಚಲ ಕಲ್ಲಿನ ಮೇಲಿಟ್ಟು, ಆಚೆ ಸರಿದರು. ಚೆಲುವಮ್ಮ ಆ ಲೋಳೆಯನ್ನು ತಲೆಗೆ ಹಚ್ಚಿ ನೀರು ಹುಯ್ದುಕೊಂಡಳು. ಮೈಲಿಗೆ ಕಳೆಯುವ ಸ್ನಾನ. ಎರಡನೆಯ ಚೊಂಬು ಮೈಮೇಲೆ ಬಿದ್ದಾಗ ಸೊಂಟದಲ್ಲಿ ಚಳುಕು ಹೊಡೆಯಿತು. ಕೆಳಗೆ ನೋಡಿದಳು. ಬಚ್ಚಲ ಕಲ್ಲಿನ ಮೇಲೆ ಹರಿಯುತ್ತಿದ್ದ ನೀರು ತಿಳಿ ಕೆಂಪಗಾಗಿ, ತೂಬಿನಿಂದ ಜಾರಿ, ದಾಸವಾಳದ ಬುಡಕ್ಕೆ ಹೋಗುತ್ತಿತ್ತು. ಹಿಂದಿನ ಸಂಜೆ ಹೊಲದಿಂದ ಬರುವಾಗ ಚಂದ್ರ ತುಂಬಿದ್ದನ್ನು ಅವಳು ನೋಡಿದ್ದಳು. ದಣಿವಿನಲ್ಲಿ ಏನೂ ಹೊಳೆದಿರಲಿಲ್ಲ.

"ಆಯ್ತಾ? ಬೇಗ ಬಾ," ಅತ್ತೆ ಹೊರಗಿನಿಂದ ಕೂಗಿದರು. "ಹುಳು ಹಣ್ಣಾಗವೆ. ಚಂದ್ರಂಕಿಗೆ ಬುಡ್ಬೇಕು. ಮೂರು ದಿನ ಆರಾಮಾಗಿದ್ದಲ್ಲ, ಇನ್ನು ಸೊಂಟ ಬಗ್ಸು."

ಈಗ ಆಚೆಗಾದೆ ಎಂದರೆ ಮೊದಲಿನದೇನು? ಚೆಲುವಮ್ಮ ಬಟ್ಟೆಯನ್ನು ಮಡಿಸಿ ಗಟ್ಟಿಯಾಗಿ ಕಟ್ಟಿಕೊಂಡಳು, ಒದ್ದೆ ಕೂದಲು ಗಂಟು ಹಾಕಿದಳು, ಹೊಸ್ತಿಲು ದಾಟಿ ಹುಳುಮನೆಯ ಒಳಗೆ ಹೋದಳು. ಅತ್ತೆ ಕೊಟ್ಟ ಕುಂಕುಮ ಇಟ್ಟುಕೊಂಡಳು. ಇಡೀ ದಿನ ಹಣ್ಣಾದ ಹುಳುಗಳನ್ನು ಒಂದೊಂದಾಗಿ ಬೆರಳಿನಿಂದ ಎತ್ತಿ, ಗೂಡು ಕಟ್ಟುವ ಬಿದಿರಿನ ಚಂದ್ರಂಕಿಗೆ ಬಿಟ್ಟಳು. ಕಿಬ್ಬೊಟ್ಟೆ ಹಿಂಡಿದಾಗ ಗೋಡೆಗೆ ಒರಗಿ, ಉಸಿರು ಹಿಡಿದು, ಮತ್ತೆ ಎತ್ತಿದಳು.

ಆ ಬೆಳೆಯ ಗೂಡು ಅಂಥ ಗಟ್ಟಿ, ಅಂಥ ಹೊಳಪು. ಅಂಥ ಗೂಡು ಆ ಮನೆಯಲ್ಲಿ ಹಿಂದೆ ಆಗಿರಲಿಲ್ಲ. "ಮೈಲಿಗೇದು ಒಂದು ಎಳೆ ಸೋಕ್ದಂಗೆ ನೋಡ್ಕಂಡೆ. ಅದ್ಕೇ ಇಂಗೆ ಬಂದದೆ," ಎಂದು ಚಿಕ್ಕಮಾದಮ್ಮ ಬೀದಿಗೆಲ್ಲ ಹೇಳಿದರು. ನಾಗಯ್ಯ ಬಾಗಿಲಿಗೆ ಬಂದು ಮುಂದಿನ ಹುಣ್ಣಿಮೆಗೆ ಕಾಲುವೆ ಏರಿಯ ಲಂಟಾನದ ಪೊದೆಗೆ ಚೆಲುವಮ್ಮನನ್ನು ಕಳಿಸಬೇಕೆಂದು ಈಗಲೇ ಹೇಳಿಟ್ಟು ಹೋದ. ಅದರ ಮುಂದಿನ ಹುಣ್ಣಿಮೆಯನ್ನು ದೊಡ್ಡಬಸಮ್ಮ ಕೇಳಿದ್ದರು. ಮೈಲಿಗೆಯಿಲ್ಲದ ಮನೆಯಲ್ಲೂ ಕಳೆ ಇರುತ್ತದಲ್ಲ.

ಆದರೆ ಇದೆಲ್ಲ ಆಮೇಲಿನ ಮಾತು. ಆ ಸ್ನಾನದ ದಿನ ಸಂಜೆ, ಅತ್ತೆ ದೀಪ ಹಚ್ಚಲು ಒಳಗೆ ಹೋದಾಗ, ಚೆಲುವಮ್ಮ ಹಿತ್ತಲಿಗೆ ಬಂದಳು. ಬೆಂದ ಕೊಂಬೆ ಕಪ್ಪಾಗಿ ಒಣಗಿ, ಬಟ್ಟೆಯ ಚೂರು ಹೊತ್ತು ಜೋತಾಡುತ್ತಿತ್ತು. ಅದರ ಪಕ್ಕದ ಹಸಿರು ಕೊಂಬೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಈಗ ಸುಳ್ಳಿಲ್ಲ. ಈಗಲಾದರೂ ಬಾಡು. ಒಂದು ಎಲೆಯಾದರೂ. ಅವಳು ಬಹಳ ಹೊತ್ತು ಬಿಡದೆ ಹಿಡಿದೇ ಇದ್ದಳು.

ಬೆಳಿಗ್ಗೆ ಆ ಕೊಂಬೆಯ ತುಂಬ ಹೂವು ಬಿಟ್ಟಿತ್ತು. ಅತ್ತೆ ಅವನ್ನೇ ಮೊದಲು ಕುಯ್ದು ದೇವರಿಗೆ ಏರಿಸಿದರು.